ಹೊಸ ಏರ್ ಫಿಲ್ಟರ್ ಹಾಕಿದ ಮೇಲೂ ಒಳ ಫಿಲ್ಟರ್ ಕೆಂಪಗಾಗಿದೆ: 55 ಎಚ್‌ಪಿ ಟ್ರ್ಯಾಕ್ಟರ್, ಸಿದ್ದಾಪುರ

ಸಿದ್ದಾಪುರ_ರೊಬಸ್ಟಾ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ರೊಬಸ್ಟಾ ಕಾಫಿ ತೋಟ. ಕೆಳಗೆ ಸ್ವಲ್ಪ ಗದ್ದೆ ಇದೆ. ಟ್ರ್ಯಾಕ್ಟರ್ 55 ಎಚ್‌ಪಿ, ಫೋರ್ ವೀಲ್ ಡ್ರೈವ್, ಟರ್ಬೊ ಇಂಜಿನ್. ಏರ್ ಕ್ಲೀನರ್ ಡ್ರೈ ಟೈಪ್, ಅಂದರೆ ಪೇಪರ್ ಫಿಲ್ಟರ್ ಇರುವುದು. ದೊಡ್ಡ ಹೊರ ಫಿಲ್ಟರ್, ಅದರೊಳಗೆ ಒಂದು ಸಣ್ಣ ಫಿಲ್ಟರ್. ಮಾವ ತೀರಿಕೊಂಡ ಮೇಲೆ ಗಾಡಿಗಳ ಉಸ್ತುವಾರಿ ನನ್ನದೇ.

ಕಾಫಿ ಕುಯ್ಲು ಶುರುವಾದ ಮೇಲೆ ಈ ಟ್ರ್ಯಾಕ್ಟರ್‌ಗೆ ಬಿಡುವಿಲ್ಲ. ತೋಟದಿಂದ ಕಣಕ್ಕೆ ಹಣ್ಣು, ಒಣಗಿದ ಮೇಲೆ ಕಣದಿಂದ ಕುಶಾಲನಗರದ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಮೂಟೆ. ತೋಟದ ರಸ್ತೆ ಪೂರ್ತಿ ಕೆಮ್ಮಣ್ಣು. ನಮ್ಮ ಕಡೆ ಆನೆ ಕಾಟ ಗೊತ್ತಲ್ವಾ, ಕತ್ತಲಾಗುವ ಮೊದಲು ಎಲ್ಲ ಲೋಡೂ ಮುಗಿಯಬೇಕು. ಹಾಗಾಗಿ ಬಿಸಿಲು ಹೊತ್ತಲ್ಲೇ ಓಡಾಟ ಜಾಸ್ತಿ. ಮುಂದೆ ಜೀಪು, ಹಿಂದೆ ಟ್ರ್ಯಾಕ್ಟರ್. ಜೀಪು ಎಬ್ಬಿಸಿದ ಧೂಳನ್ನೆಲ್ಲ ಟ್ರ್ಯಾಕ್ಟರೇ ಕುಡಿಯುತ್ತದೆ. ಈ ಸಲ ಕಾಫಿ ಹೂ ಅರಳಿಸುವ ಹೂ ಮಳೆಯೂ ತಡ. ಕೆರೆ ಹತ್ತಿರ ನಿಲ್ಲಿಸಿ ಟ್ರ್ಯಾಕ್ಟರ್ ಇಂಜಿನ್ನೇ ತಿರುಗಿಸುವ ಪಿಟಿಒ ಪಂಪ್‌ನಿಂದ ಸ್ಪ್ರಿಂಕ್ಲರ್ ಕೂಡ ಓಡಿಸುತ್ತಿದ್ದೇವೆ.

ಜನವರಿಯಲ್ಲಿ ಪೇಟೆಯ ಒಂದು ಸ್ಪೇರ್ ಅಂಗಡಿಯಿಂದ ಹೊರ ಫಿಲ್ಟರ್ ತಂದು ಹಾಕಿಸಿದೆವು. ಕಂಪನಿ ಪ್ಯಾಕೆಟ್ ಅಲ್ಲ. ಅಂಗಡಿಯವರು "ಇದೇ ಸೈಜು, ಇದೇ ಮಾಲು, ಬೆಲೆ ಅರ್ಧ" ಅಂದರು. ಕೆಲವೇ ವಾರಕ್ಕೆ, ಫಿಲ್ಟರ್ ಕಟ್ಟಿಕೊಂಡಿದೆ ಅನ್ನುವ ಕೆಂಪು ಇಂಡಿಕೇಟರ್ ಬಂತು. ಲೋಡ್ ಹಾಕಿ ಏರು ಹತ್ತಿಸಿದರೆ ಕಪ್ಪು ಹೊಗೆ. ಡ್ರೈವರ್ ವಾರಕ್ಕೊಮ್ಮೆ ಪಂಕ್ಚರ್ ಅಂಗಡಿಯಲ್ಲಿ ಫಿಲ್ಟರ್‌ಗೆ ಗಾಳಿ ಹೊಡೆಸಿಕೊಂಡು ಬರುತ್ತಾನೆ. ಆಮೇಲೆ ಎರಡು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ಕಥೆ.

ನನಗೆ ಭಯ ಆಗಿರುವುದು ಅದಕ್ಕಲ್ಲ. ಮೊನ್ನೆ ನಾನೇ ನಿಂತು ಬಿಚ್ಚಿಸಿದೆ. ಒಳಗಿನ ಸಣ್ಣ ಫಿಲ್ಟರ್‌ನ ಒಂದು ಬದಿ ಕೆಂಪಗಾಗಿದೆ. ಬೆರಳಿಟ್ಟರೆ ಧೂಳು ಅಂಟುತ್ತದೆ. ಹೊರ ಫಿಲ್ಟರ್ ಇರುವಾಗ ಅಲ್ಲಿಯವರೆಗೆ ಧೂಳು ಹೇಗೆ ಹೋಯಿತು? ಒಳಗಿನದಕ್ಕೂ ಗಾಳಿ ಹೊಡೆಸಬಹುದಾ, ತೊಳೆಯಬಹುದಾ? ಕಂಪನಿ ಫಿಲ್ಟರ್ ಬಿಟ್ಟು ಬೇರೆ ತೆಗೆದುಕೊಳ್ಳುವುದಾದರೆ ಏನು ನೋಡಿ ತೆಗೆದುಕೊಳ್ಳಬೇಕು? ತಿಳಿದವರು ದಯವಿಟ್ಟು ಹೇಳಿ. ಇಂಜಿನ್ ಬಿಚ್ಚಿ ಸಿಲಿಂಡರ್ ರಿಪೇರಿ ಮಾಡುವ ಬೋರ್ ಕೆಲಸಕ್ಕೆ ಬಂದರೆ ಈ ವರ್ಷ ನಮ್ಮ ಕೈಯಲ್ಲಿ ಆಗುವುದಿಲ್ಲ.

ಶನಿವಾರಸಂತೆ_ಶುಂಠಿ:

ಅಕ್ಕ, ಬೇಸಿಗೆಯಲ್ಲಿ ಧೂಳು ಇದ್ದದ್ದೇ. ನಮ್ಮ ಶುಂಠಿ ಹೊಲದಲ್ಲಿ ರೋಟವೇಟರ್ ಹೊಡೆಯುವಾಗ ಡ್ರೈವರ್ ಮುಖವೇ ಕಾಣುವುದಿಲ್ಲ. ನಾವೂ ಕಡಿಮೆ ಬೆಲೆಯದ್ದನ್ನೇ ಹಾಕುತ್ತೇವೆ, ಬೇಗ ಬೇಗ ಬದಲಾಯಿಸುತ್ತೇವೆ. ಒಳಗಿನದ್ದಕ್ಕೂ ಗಾಳಿ ಹೊಡೆಸಿ ಹಾಕಿ. ಕೆಂಪು ಹೋದರೆ ಸಾಕಲ್ವಾ.

ಕುಶಾಲನಗರ_ವರ್ಕ್‌ಶಾಪ್:

ಅಕ್ಕ, ಒಳಗಿನ ಫಿಲ್ಟರ್‌ಗೆ ಗಾಳಿ ಹೊಡೆಸಬೇಡಿ. ತೊಳೆಯಲೂ ಬೇಡಿ. ಶನಿವಾರಸಂತೆ ಅಣ್ಣ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಒಳಗಿನದು ಸೇಫ್ಟಿ ಫಿಲ್ಟರ್. ಹೊರಗಿನದು ಹರಿದರೆ, ಇಲ್ಲವೇ ಬದಲಾಯಿಸುವಾಗ ಧೂಳು ಉದುರಿದರೆ, ಇಂಜಿನ್ ಉಳಿಸಲು ಇರುವುದು ಅದೊಂದೇ. ಅದನ್ನು ಕ್ಲೀನ್ ಮಾಡುವ ಕ್ರಮವೇ ಇಲ್ಲ, ಹೊಸದು ಹಾಕುವುದು ಅಷ್ಟೇ. ಸಾಮಾನ್ಯವಾಗಿ ಹೊರಗಿನದು ಮೂರು ಸಲ ಬದಲಾದರೆ ಒಳಗಿನದು ಒಂದು ಸಲ. ನಿಮ್ಮದು ಕೆಂಪಾಗಿದೆ, ಹಾಗಾಗಿ ಲೆಕ್ಕ ನೋಡದೆ ಈಗಲೇ ಬದಲಾಯಿಸಿ.

ಇನ್ನು ಒಳಗೆ ಧೂಳು ಹೇಗೆ ಹೋಯಿತು ಅನ್ನುವುದು. ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಅದೇ. ಹೊರ ಫಿಲ್ಟರ್ ಸರಿ ಇದ್ದು, ಸರಿಯಾಗಿ ಕೂತಿದ್ದರೆ ಒಳಗಿನದು ಬೆಳ್ಳಗೇ ಇರಬೇಕು. ಕೆಂಪಾಗಿದೆ ಅಂದರೆ ಗಾಳಿ ಪೇಪರ್ ಮೂಲಕ ಹೋಗದೆ ಪಕ್ಕದಿಂದ ನುಗ್ಗಿದೆ. ಅಥವಾ ಪೇಪರ್ ಎಲ್ಲೋ ತೂತಾಗಿದೆ. ಒಂದೇ ಬದಿ ಕೆಂಪು ಅಂದಿರಿ. ನನಗೆ ಸೀಲ್ ಮೇಲೇ ಅನುಮಾನ.

ಈ ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. 55 ಎಚ್‌ಪಿ ಅಂದರೆ ಹೆಚ್ಚುಕಮ್ಮಿ ಮೂರು ಲೀಟರ್ ಇಂಜಿನ್. ನಾಲ್ಕು ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಪೂರ್ತಿ ಗಾಳಿ ತುಂಬಿಕೊಳ್ಳುತ್ತದೆ. 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 1000 ಸಲ. ಅಲ್ಲಿಗೆ ನಿಮಿಷಕ್ಕೆ 3000 ಲೀಟರ್ ಹತ್ತಿರ ಆಯಿತು. ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಗಂಟೆಗೆ ಒಂದೂವರೆ ಲಕ್ಷ ಲೀಟರ್‌ಗೂ ಮೇಲೆ ಗಾಳಿ, ಅದೂ ಜೀಪಿನ ಹಿಂದಿನ ಗಾಳಿ. ಸೀಲ್‌ನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ದಿನಕ್ಕೆ ಎಷ್ಟು ಮಣ್ಣು ಒಳಗೆ ಹೋಗಬಹುದು ನೋಡಿ. ಆ ಮಣ್ಣು ಆಯಿಲ್ ಜೊತೆ ಸೇರಿ ರಿಂಗ್, ಲೈನರ್ ಎಲ್ಲವನ್ನೂ ಉಜ್ಜುಕಾಗದದ ಹಾಗೆ ತಿನ್ನುತ್ತದೆ. ಟರ್ಬೊದ ಎಲೆಗಳ ಅಂಚು ಸವೆಯುತ್ತದೆ. ಬೋರ್ ಕೆಲಸಕ್ಕೆ ಬರುವ ಎಷ್ಟೋ ಗಾಡಿಗಳಲ್ಲಿ ನಾನು ಮೊದಲು ಫಿಲ್ಟರ್ ಆದಮೇಲಿನ ಪೈಪ್‌ಗೆ ಕೈ ಹಾಕಿ ನೋಡುತ್ತೇನೆ. ಅಲ್ಲಿ ಕೆಮ್ಮಣ್ಣಿದ್ದರೆ ಕಾರಣ ಹುಡುಕಲು ಇಂಜಿನ್ ಬಿಚ್ಚಬೇಕಾಗಿಲ್ಲ.

ನೀವೂ ಇದನ್ನೇ ಮಾಡಿ. ಇಂಜಿನ್ ಆಫ್ ಮಾಡಿ, ಹೊರಗಿನ ಕಸ ಒರೆಸಿ, ಏರ್ ಕ್ಲೀನರ್‌ನಿಂದ ಟರ್ಬೊಗೆ ಹೋಗುವ ಪೈಪ್ ಬಿಚ್ಚಿ. ಬಿಳಿ ಪಂಚೆ ಬಟ್ಟೆಯಿಂದ ಒಳಗೆ ಒರೆಸಿ. ಬಟ್ಟೆ ಬೆಳ್ಳಗೇ ಬಂದರೆ ಒಳ ಫಿಲ್ಟರ್ ನಿಮ್ಮ ಇಂಜಿನ್ ಉಳಿಸಿದೆ. ಕೆಂಪಾದರೆ ಮುಂದಿನ ಮಾತು ಬೇರೆ.

ಆಮೇಲೆ ಹೊರ ಫಿಲ್ಟರ್. ಕತ್ತಲೆ ಕೋಣೆಯಲ್ಲಿ ಅದರೊಳಗೆ ಟಾರ್ಚ್ ಇಟ್ಟು ಹೊರಗಿನಿಂದ ಸುತ್ತ ತಿರುಗಿಸಿ ನೋಡಿ. ಚುಕ್ಕಿಯಾಗಿ ಬೆಳಕು ಕಂಡರೆ ಅಲ್ಲಿ ತೂತು. ಪಂಕ್ಚರ್ ಅಂಗಡಿ ಕಂಪ್ರೆಸರ್‌ನಲ್ಲಿ ನೂರು ಪಿಎಸ್‌ಐ ಮೇಲೆ ಇರುತ್ತದೆ. ಅದನ್ನು ಹತ್ತಿರ ಹಿಡಿದು ಹೊಡೆದರೆ ಪೇಪರ್ ಸಣ್ಣಗೆ ಸೀಳುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಗಾಳಿ ಹೊಡೆಯಲೇಬೇಕು ಅಂದರೆ 30 ಪಿಎಸ್‌ಐ ಒಳಗೆ, ಯಾವಾಗಲೂ ಒಳಗಿನಿಂದ ಹೊರಕ್ಕೆ. ಹೊರಗಿನಿಂದ ಹೊಡೆದರೆ ಧೂಳು ಪೇಪರ್ ಒಳಕ್ಕೇ ಕೂರುತ್ತದೆ. ಟೈರ್‌ಗೆ ಬಡಿಯುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ. ತಗಡು ಬಗ್ಗಿದರೆ ಸೀಲ್ ಕೂರುವುದಿಲ್ಲ.

ವಾರಕ್ಕೊಮ್ಮೆ ಬಿಚ್ಚುವುದು ನನಗೆ ಇಷ್ಟವಿಲ್ಲ. ಜನ ಕಾಳಜಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಪೇಪರ್ ಮೇಲೆ ತೆಳುವಾಗಿ ಕೂತ ಧೂಳೂ ಜರಡಿಯ ಕೆಲಸ ಮಾಡುತ್ತದೆ. ಸ್ವಲ್ಪ ಓಡಿದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಧೂಳು ಹಿಡಿಯುತ್ತದೆ. ಬಿಚ್ಚಿದಾಗಲೆಲ್ಲ ಸೀಲ್ ಅಲುಗಾಡುತ್ತದೆ, ಸ್ವಲ್ಪ ಧೂಳು ಸ್ವಚ್ಛ ಕಡೆಗೆ ಉದುರುತ್ತದೆ. ಕಣ್ಣಿಗೆ ಕೊಳಕು ಕಂಡಿತು ಅಂತ ತೆಗೆಯಬೇಡಿ. ಇಂಡಿಕೇಟರ್ ನಂಬಿ. ಅದು ಸಾಮಾನ್ಯವಾಗಿ 20ರಿಂದ 25 ಇಂಚು ನೀರಿನ ಒತ್ತಡದಷ್ಟು ಎಳೆತ ಬಂದಾಗ ಕೆಂಪಾಗುತ್ತದೆ. ಸುಮ್ನೆ ನಿಂತು ಓಡುವಾಗ ಅದು ಏನೂ ಹೇಳುವುದಿಲ್ಲ. ಲೋಡ್‌ನಲ್ಲಿ, ಫುಲ್ ಆರ್‌ಪಿಎಂನಲ್ಲಿ ನೋಡಬೇಕು. ಹೊಸ ಫಿಲ್ಟರ್ ಹಾಕಿದ ಮೇಲೆ ಅದರ ಬಟನ್ ಒತ್ತಿ ರೀಸೆಟ್ ಮಾಡುವುದನ್ನು ಡ್ರೈವರ್‌ಗೆ ಹೇಳಿಕೊಡಿ.

ಈಗ ಯಾವುದು ತೆಗೆದುಕೊಳ್ಳಬೇಕು ಅನ್ನುವುದಕ್ಕೆ ಬರುತ್ತೇನೆ. ಕಂಪನಿ ಪ್ಯಾಕೆಟ್ ಒಂದೇ ದಾರಿ ಅಂತ ನಾನು ಹೇಳುವುದಿಲ್ಲ. ಡೊನಾಲ್ಡ್‌ಸನ್, ಮಾನ್, ಫ್ಲೀಟ್‌ಗಾರ್ಡ್ ತರಹದ ಫಿಲ್ಟರ್ ತಯಾರಕರದ್ದು ನಿಮ್ಮ ಮಾಡೆಲ್‌ಗೆ ನಂಬರ್ ಸಮೇತ ಸಿಕ್ಕಿದರೆ ಧೈರ್ಯವಾಗಿ ಹಾಕಿ. ಆದರೆ "ಇದೇ ಸೈಜು" ಅನ್ನುವ ಬಾಯಿ ಮಾತಿಗೆ ಹಾಕಬೇಡಿ. ಹಳೆಯ ಕಂಪನಿ ಫಿಲ್ಟರ್ ಎಸೆಯದೆ ಇಟ್ಟುಕೊಳ್ಳಿ, ಅಳತೆಗೆ ಬೇಕು. ಎತ್ತರ, ಹೊರ ವ್ಯಾಸ, ಒಳ ವ್ಯಾಸ ಮೂರನ್ನೂ ವರ್ನಿಯರ್‌ನಲ್ಲಿ ನೋಡಿ. ಎತ್ತರದಲ್ಲಿ ಎರಡು ಮೂರು ಮಿಲಿಮೀಟರ್ ಕಡಿಮೆ ಇದ್ದರೂ ಮುಚ್ಚಳ ಹಾಕಿದಾಗ ಗ್ಯಾಸ್ಕೆಟ್ ಒತ್ತುವುದಿಲ್ಲ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಕ್ಲಿಪ್ ಸರಿಯಾಗಿಯೇ ಬೀಳುತ್ತದೆ. ಈಗಿನ ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್‌ನ ಬಾಯಿಯ ಮೆತ್ತನೆ ಅಂಚೇ ಪೈಪ್‌ಗೆ ಬಿಗಿಯಾಗಿ ಕೂರಬೇಕು. ಹಾಕುವಾಗ ಸ್ವಲ್ಪ ಬಲ ಬೇಕಾಗುತ್ತದೆ. ಸಲೀಸಾಗಿ ಜಾರಿ ಕೂತರೆ ಅದು ನಿಮ್ಮ ಗಾಡಿಯದ್ದಲ್ಲ.

ಎರಡನೆಯದು ಪೇಪರ್ ಮಡಿಕೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಮಡಿಕೆ ಎಣಿಸಿ. ಮಡಿಕೆ ಕಡಿಮೆ ಅಂದರೆ ಪೇಪರ್ ಕಡಿಮೆ, ಬೇಗ ಕಟ್ಟಿಕೊಳ್ಳುತ್ತದೆ. ನಿಮ್ಮದು ಅಷ್ಟು ಬೇಗ ಕೆಂಪು ತೋರಿಸಿದ್ದಕ್ಕೆ ಇದೂ ಕಾರಣ ಇರಬಹುದು. ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ತುದಿಯ ಅಂಟು ಬಿರುಕು ಬಿಟ್ಟಿದ್ದರೆ ಅಲ್ಲೇ ವಾಪಸ್ ಕೊಡಿ. ಕಾರ್ಟನ್ ಮೇಲೆ ಐಎಸ್‌ಒ 5011 ಅಂತ ಇದೆಯಾ ನೋಡಿ, ಏರ್ ಕ್ಲೀನರ್ ಪರೀಕ್ಷೆಯ ಸ್ಟ್ಯಾಂಡರ್ಡ್ ಅದು. ಬರೆದಿದ್ದರೆ ಸಾಲದು ನಿಜ, ಆದರೆ ಒಳ್ಳೆ ತಯಾರಕರ ಬಳಿ ಕೇಳಿದರೆ ಆ ಪರೀಕ್ಷೆಯ ಅಂಕಿ ಇರುತ್ತದೆ. ಶೇಕಡ 99.9ಕ್ಕೂ 99ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ. ಒಂದು ಕಿಲೋ ಧೂಳು ಬಂತು ಅಂದುಕೊಳ್ಳಿ. ಮೊದಲನೆಯದು ಇಂಜಿನ್‌ಗೆ ಬಿಡುವುದು 1 ಗ್ರಾಂ, ಎರಡನೆಯದು 10 ಗ್ರಾಂ. ಹತ್ತು ಪಟ್ಟು.

ಮತ್ತೆ ಒಂದು. ಏರ್ ಕ್ಲೀನರ್ ಡಬ್ಬಿಯ ಕೆಳಗೆ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ. ಒಳಗೆ ಸುತ್ತಿ ಬೇರೆಯಾದ ದಪ್ಪ ಧೂಳು ಅದರಿಂದಲೇ ಉದುರಿ ಹೋಗಬೇಕು. ಇದ್ದರೆ ಬೆರಳಿನಿಂದ ಹಿಂಡಿ ನೋಡಿ, ಮೆತ್ತಗೆ ಇರಬೇಕು. ಬಿರುಸಾಗಿದ್ದರೆ, ಹರಿದಿದ್ದರೆ, ಇಲ್ಲವೇ ಉದುರಿಯೇ ಹೋಗಿದ್ದರೆ ಧೂಳು ಹೊರಗೆ ಹೋಗುವ ಬದಲು ಅಲ್ಲಿಂದಲೇ ಒಳಗೆ ಎಳೆಯುತ್ತದೆ. ಸಣ್ಣ ಸಾಮಾನು, ಬೆಲೆ ಏನೂ ಇಲ್ಲ. ಆದರೆ ಅದನ್ನು ಯಾರೂ ನೋಡುವುದಿಲ್ಲ.

ನಿಮ್ಮ ಗಾಡಿ 2023ರ ನಂತರದ್ದಾ? 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಆ ವರ್ಷದ ಜನವರಿಯಿಂದ ಹೊಗೆ ಮಿತಿಯ ಟ್ರೆಮ್ 4 ನಿಯಮ ಬಂದಿದೆ. ಅದಾದರೆ ಕಪ್ಪು ಹೊಗೆ ಅಷ್ಟು ಸುಲಭಕ್ಕೆ ಬರಬಾರದು, ಕಂಪ್ಯೂಟರ್ ಹಾಕಿ ನೋಡಿಸಬೇಕಾಗುತ್ತದೆ. ಹಳೆಯದಾದರೆ ಹೊಗೆಗೆ ಕಟ್ಟಿಕೊಂಡ ಫಿಲ್ಟರ್ ಸಾಕಷ್ಟು ಕಾರಣ.

ವಿರಾಜಪೇಟೆ_ಹಳೆಮಾಸ್ಸಿ:

ವರ್ಕ್‌ಶಾಪ್‌ನವರು ಸರಿಯಾಗಿ ಹೇಳಿದ್ದಾರೆ. ನಮ್ಮಲ್ಲಿ ಈಗಲೂ ಹಳೆ ಮಾಸ್ಸಿ ಟ್ರ್ಯಾಕ್ಟರ್ ಇದೆ, ಬಟ್ಟಲಿನ ಆಯಿಲ್‌ನಲ್ಲಿ ಧೂಳು ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್. ಇದನ್ನು ಓದುವವರಲ್ಲಿ ಆ ತರಹದ ಗಾಡಿ ಇರುವವರೂ ಇರುತ್ತಾರೆ ಅಂತ ಎರಡು ಮಾತು ಸೇರಿಸುತ್ತೇನೆ.

ಆಯಿಲ್ ಬಾತ್‌ನಲ್ಲಿ ಬದಲಾಯಿಸುವ ಪೇಪರ್ ಇಲ್ಲ, ಹಾಗಂತ ಮರೆಯಬಾರದು. ತೋಟದ ಇಳಿಜಾರಲ್ಲಿ ಅದಕ್ಕೆ ಬೇರೆಯೇ ತೊಂದರೆ ಇದೆ. ಬಟ್ಟಲಿನ ಆಯಿಲ್ ಗುರುತಿಗಿಂತ ಮೇಲೆ ಹಾಕಿದರೆ, ಗಾಡಿ ವಾಲಿದಾಗ ಇಂಜಿನ್ ಆಯಿಲನ್ನೇ ಎಳೆದುಕೊಳ್ಳುತ್ತದೆ. ನೀಲಿ ಹೊಗೆ ಬರುತ್ತದೆ. ಜಾಸ್ತಿಯಾದರೆ ಇಂಜಿನ್ ತಾನಾಗೇ ರೇಸ್ ಆಗಿ ಆಫ್ ಮಾಡಿದರೂ ನಿಲ್ಲುವುದಿಲ್ಲ. ಕಡಿಮೆ ಇದ್ದರೆ ಧೂಳು ಹಿಡಿಯುವುದಿಲ್ಲ. ಗಾಡಿಯನ್ನು ಕಣದಂಥ ಸಮ ಜಾಗದಲ್ಲಿ ನಿಲ್ಲಿಸಿಯೇ ಮಟ್ಟ ನೋಡಬೇಕು. ತಳದಲ್ಲಿ ಒಂದು ಸೆಂಟಿಮೀಟರ್‌ನಷ್ಟು ಕೆಸರು ಕೂತರೆ ಆಯಿಲ್ ಚೆಲ್ಲಿ ಬಟ್ಟಲು ತೊಳೆದು ಹೊಸದು ಹಾಕಿ. ಕುಯ್ಲಿನ ಸಮಯದಲ್ಲಿ ನಾವು ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ನೋಡುತ್ತೇವೆ. ಮೇಲಿನ ಜಾಲರಿಯನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಪೇಪರ್ ಫಿಲ್ಟರ್ ಇರುವವರು ಇದನ್ನು ಮಾಡಬಾರದು, ಪೇಪರ್ ಹಾಳಾಗುತ್ತದೆ.

ಮಳೆಗಾಲದ ಬಗ್ಗೆ ಯಾರೂ ಹೇಳಿಲ್ಲ. ನಮ್ಮಲ್ಲಿ ಜೂನ್‌ನಿಂದ ಗಾಡಿ ಶೆಡ್ಡಲ್ಲಿ ನಿಂತರೆ ನಾಟಿ ಕೆಲಸಕ್ಕೇ ಹೊರಗೆ ಬರುವುದು. ಅಷ್ಟರಲ್ಲಿ ಗಾಳಿ ಮೊದಲು ಒಳಗೆ ಹೋಗುವ ಪ್ರೀ ಕ್ಲೀನರ್ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಇಲಿಯೂ ಬಿಡುವುದಿಲ್ಲ. ಸ್ಟಾರ್ಟ್ ಮಾಡುವ ಮೊದಲು ಟಾರ್ಚ್ ಹಾಕಿ ನೋಡಿ. ಶೀತಕ್ಕೆ ಪೇಪರ್ ಮೆತ್ತಗಾಗಿದ್ದರೆ ಅದನ್ನು ನಂಬಬೇಡಿ. ಇನ್ನೊಂದು, ಒಣ ಕಾಫಿ ಹಲ್ಲಿಂಗ್ ಮಾಡುವ ಕಡೆ ಹೊಟ್ಟು ಹಾರುತ್ತದಲ್ಲ, ಅದರ ಪಕ್ಕ ಟ್ರ್ಯಾಕ್ಟರ್ ಓಡಿಸಿ ನಿಲ್ಲಿಸಬೇಡಿ. ಹೊಟ್ಟು ಪ್ರೀ ಕ್ಲೀನರ್‌ಗೆ ಕಟ್ಟಿಕೊಂಡರೆ ಹೊಸ ಫಿಲ್ಟರ್ ಹಾಕಿದರೂ ದಮ್ಮು ಕಟ್ಟುತ್ತದೆ.

ಸಿದ್ದಾಪುರ_ರೊಬಸ್ಟಾ:

ತುಂಬಾ ಉಪಕಾರವಾಯಿತು. ಎಲ್ಲವನ್ನೂ ಡ್ರೈವರ್ ಜೊತೆ ಕೂತು ಓದಿ, ಇವತ್ತು ಬೆಳಿಗ್ಗೆ ಬಿಚ್ಚಿ ನೋಡಿದೆವು.

ಟಾರ್ಚ್ ಇಟ್ಟರೆ ಪೇಪರ್‌ನಲ್ಲಿ ತೂತು ಕಾಣಲಿಲ್ಲ. ಆದರೆ ಶೆಡ್ಡಿನಲ್ಲಿ ಮಾವ ಎತ್ತಿಟ್ಟಿದ್ದ ಹಳೆ ಕಂಪನಿ ಫಿಲ್ಟರ್ ಸಿಕ್ಕಿತು. ಪಕ್ಕದಲ್ಲಿ ಇಟ್ಟರೆ ಬರಿಗಣ್ಣಿಗೇ ಗೊತ್ತಾಗುತ್ತದೆ, ಈಗಿನದು ಗಿಡ್ಡ. ಮಡಿಕೆಗಳೂ ಕಡಿಮೆ, ನಡುನಡುವೆ ಸಂದಿ ಒಂದೇ ಸಮ ಇಲ್ಲ. ಹಳೆಯದರ ಗ್ಯಾಸ್ಕೆಟ್ ಮೇಲೆ ಸುತ್ತಲೂ ಒತ್ತಿದ ಗೆರೆ ಇದೆ. ಹೊಸದರ ಮೇಲೆ ಅರ್ಧ ಸುತ್ತು ಮಾತ್ರ. ಗೆರೆ ಇಲ್ಲದ ಕಡೆಯಿಂದಲೇ ಕೆಂಪು ಶುರುವಾಗಿದೆ. ಒಳ ಫಿಲ್ಟರ್ ಕೆಂಪಾಗಿದ್ದ ಬದಿಯೂ ಅದೇ. ಕೆಳಗಿನ ರಬ್ಬರ್ ವಾಲ್ವ್ ಇದೆ, ಆದರೆ ಕಲ್ಲಿನ ಹಾಗೆ ಬಿರುಸಾಗಿ ಬಾಯಿ ತೆರೆದೇ ಇದೆ.

ಪೈಪ್ ಒಳಗೆ ಬಿಳಿ ಬಟ್ಟೆ ಒರೆಸಿದೆ. ಕೆಂಪಿಲ್ಲ. ತೀರಾ ಬೆಳ್ಳಗೂ ಇಲ್ಲ, ಸ್ವಲ್ಪ ಎಣ್ಣೆ ಜಿಡ್ಡು ಕಪ್ಪಗೆ ಬಂತು. ಅದರಿಂದ ತೊಂದರೆ ಇದೆಯಾ? ಗಾಡಿ 2023ಕ್ಕಿಂತ ಹಳೆಯದು. ಫಿಲ್ಟರ್ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿ ಎರಡನ್ನೂ ಪಕ್ಕದಲ್ಲಿ ಇಟ್ಟು ತೋರಿಸುತ್ತೇನೆ. ನಮ್ಮ ಹಾಗೆ ಇನ್ನೆಷ್ಟು ಜನ ಅದನ್ನೇ ಹಾಕಿಕೊಂಡಿದ್ದಾರೋ.

ಶನಿವಾರಸಂತೆ_ಶುಂಠಿ:

ಅಕ್ಕ, ಗ್ಯಾಸ್ಕೆಟ್ ಗೆರೆಯ ಒಂದು ಫೋಟೋ ಹಾಕಿ. ನಾನೂ ನಮ್ಮ ಗಾಡಿಯದ್ದು ತೆಗೆದು ಹೋಲಿಸಿ ನೋಡುತ್ತೇನೆ.

ಕುಶಾಲನಗರ_ವರ್ಕ್‌ಶಾಪ್:

ಅಕ್ಕ, ಒಳ್ಳೆ ಸುದ್ದಿ. ಕೆಂಪಿಲ್ಲ ಅಂದರೆ ಒಳ ಫಿಲ್ಟರ್ ತಡೆದಿದೆ. ಎಣ್ಣೆ ಜಿಡ್ಡಿಗೆ ಈಗಲೇ ಹೆದರಬೇಡಿ. ಕೆಲವು ಇಂಜಿನ್‌ಗಳಲ್ಲಿ ಒಳಗಿನ ಹೊಗೆ ಹೊರಬಿಡುವ ಬ್ರೀದರ್ ಪೈಪ್ ಅದೇ ದಾರಿಗೆ ಬಂದು ಸೇರುತ್ತದೆ, ಸ್ವಲ್ಪ ಜಿಡ್ಡು ಇದ್ದೇ ಇರುತ್ತದೆ. ಎಣ್ಣೆ ಸೋರುವಷ್ಟು ಇದ್ದರೆ ಮಾತ್ರ ಟರ್ಬೊ ತೋರಿಸಿ.

ಈಗ ಹೊರಗಿನದು, ಒಳಗಿನದು, ರಬ್ಬರ್ ವಾಲ್ವ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಹೊಸದನ್ನು ಹಾಕುವ ಮೊದಲು ಡಬ್ಬಿಯ ಒಳಗೆ ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಗಾಳಿ ಹೊಡೆಯಬೇಡಿ. ಹಳೆಯ ಒಳ ಫಿಲ್ಟರನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ, ತೆಗೆದ ತಕ್ಷಣ ಹೊಸದನ್ನು ಕೂರಿಸಿ. ಪೈಪ್ ಬಾಯಿ ತೆರೆದಿರಬಾರದು. ಪೈಪ್‌ಗಳ ಕ್ಲಿಪ್ಪನ್ನೂ ಬಿಗಿ ಮಾಡಿ, ಹೋಸ್‌ನ ಅಡಿ ಭಾಗದಲ್ಲಿ ಬಿರುಕು ಇದೆಯಾ ಕೈಯಾಡಿಸಿ ನೋಡಿ. ಫಿಲ್ಟರ್ ಆದಮೇಲಿನ ಹೋಸ್ ಒಡೆದಿದ್ದರೆ ಎಷ್ಟು ಒಳ್ಳೆ ಫಿಲ್ಟರ್ ಹಾಕಿದರೂ ಉಪಯೋಗವಿಲ್ಲ.

ಇಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಸಮಯ ಆಗದಿದ್ದರೂ ಈಗಲೇ ಬದಲಾಯಿಸಿಬಿಡಿ. ಸ್ವಲ್ಪ ಸಣ್ಣ ಧೂಳು ಹೋಗಿದ್ದರೂ ಅದರ ಜೊತೆ ಹೊರಗೆ ಬರುತ್ತದೆ. ಆಮೇಲೆ ಲೋಡ್ ಕೆಲಸ ಮುಗಿಸಿ ಬಂದಾಗ ಬ್ರೀದರ್‌ನಲ್ಲಿ ಹೊಗೆ ಜೋರಾಗಿ ಬರುತ್ತದಾ ನೋಡಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವುದನ್ನು ಒಂದು ಪುಸ್ತಕದಲ್ಲಿ ಆವರ್ ಮೀಟರ್ ಜೊತೆ ಬರೆದಿಡಿ. ಎರಡೂ ಸರಿ ಇದ್ದರೆ ರಿಂಗ್ ಬಗ್ಗೆ ಚಿಂತೆ ಬೇಡ.

ಜೀಪನ್ನು ಟ್ರ್ಯಾಕ್ಟರ್ ಹಿಂದೆ ಬರಲು ಹೇಳಿ. ಆಗದಿದ್ದರೆ ಧೂಳು ಇಳಿಯುವಷ್ಟು ದೂರ ಬಿಟ್ಟು ಹೋಗಲಿ. ಮಾಡೆಲ್ ಹೆಸರು ಮತ್ತು ಹಳೆ ಫಿಲ್ಟರ್ ಮೇಲಿರುವ ನಂಬರ್ ಇಲ್ಲಿ ಹಾಕಿದರೆ, ಬೇರೆ ತಯಾರಕರಲ್ಲಿ ಅದಕ್ಕೆ ಸರಿಹೊಂದುವ ನಂಬರ್ ಯಾವುದು ಅಂತ ಕ್ಯಾಟಲಾಗ್ ನೋಡಿ ಹೇಳುತ್ತೇನೆ.